ಕಾಶಿಗೆ ಹೋಗದೆ ಬಿಟ್ಟಿದ್ದು

ಇವತ್ತು ಮಾಡಿದ ಕೆಲಸಗಳು: ಐದಕ್ಕೆ ಎದ್ದು ಹಾಲು ಕಾಯಿಸಿದೆ. ನೀರು ಬರುವ ದಿನವಾದ್ದರಿಂದ ಡ್ರಮ್ಮು, ಕೊಡ, ಬಕೀಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿದೆ. ಅತ್ತೆಯ ತುರುಬು ಕಟ್ಟಿದೆ. ‘ಎಡಕ್ಕೆ ವಾಲಿದೆ’ ಅಂದರು, ಬಿಚ್ಚಿ ಮತ್ತೆ ಕಟ್ಟಿದೆ. ನಮ್ಮನೆಯವರ ಅಂಗಿಗೆ ಇಸ್ತ್ರಿ ಹಾಕಿದೆ, ಕಾಲರಿನ ಹತ್ತಿರ ಸ್ವಲ್ಪ ಸುಟ್ಟೆ, ಶಲ್ಯ ಹೊದ್ದರೆ ಕಾಣುವುದಿಲ್ಲ ಎಂದು ಸಮಾಧಾನ ಹೇಳಿದೆ. ಒಂದು ಹಾಗಲಕಾಯಿ ಹೆಚ್ಚಿ ಉಪ್ಪು ಸವರಿ ಮುಚ್ಚಿಟ್ಟೆ. ನಮ್ಮ ಮನೆಯೊಳಗೆ ಹಾಗಲಕಾಯಿ ಬಂದದ್ದು ಹನ್ನೆರಡು ವರ್ಷದ ಮೇಲೆ. ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಆನವಟ್ಟಿ, ಅಲ್ಲಿಂದ ಆಟೋದಲ್ಲಿ ಕುಬಟೂರಿಗೆ ಹೋಗಿ ಒಂದು ಮದುವೆ ಊಟ ಮಾಡಿದೆ. ಊಟಕ್ಕೆ ಮುಂಚೆ, ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ, ಮದುಮಗಳ ಸೋದರಮಾವನ ಹತ್ತಿರ ಅವರ ಬೆರಳನ್ನು ಅವರ ಬಾಯಿಗೇ ಹಾಕಿಕೊಳ್ಳಿ ಎಂದು ಒತ್ತಾಯ ಮಾಡಿದೆ. ವಾಪಸ್ ಬಂದು ಸೀರೆ ಮಡಚಿದೆ.

ಇದರಲ್ಲಿ ಬೆರಳಿನದೊಂದು ದಿನಾ ಮಾಡುವ ಕೆಲಸವಲ್ಲ. ಅದು ಹೇಗಾಯಿತು ಅಂತ ಬರೆಯುತ್ತೇನೆ.

ಆನವಟ್ಟಿಯ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ನಮ್ಮ ಹುಡುಗರು ಓದಿದಲ್ಲಿಗೆ ಗುರುತಿಡಲು ಪುಸ್ತಕದೊಳಗೆ ಖಾಲಿ ಗುಟ್ಕಾ ಪಾಕೀಟು ಇಡುತ್ತಾರೆ. ನವಿಲುಗರಿ ಇಡುವ ಕಾಲ ಹೋಯಿತು. ವಾಪಸ್ ಬಂದ ಪುಸ್ತಕ ಕೊಡವಿದರೆ ಒಂದೆರಡಾದರೂ ಉದುರುತ್ತವೆ. ಯಾವ ಬಣ್ಣದ್ದು ಯಾವ ಹುಡುಗ, ಎಷ್ಟನೇ ಪುಟಕ್ಕೆ ಓದು ನಿಲ್ಲಿಸಿದ ಎಂಬುದೆಲ್ಲ ನನಗೆ ಗೊತ್ತಾಗುತ್ತಿತ್ತು. ಅರ್ಥಶಾಸ್ತ್ರದಲ್ಲಿ ಯಾರೂ ಹದಿನಾಲ್ಕನೇ ಪುಟ ದಾಟಿಲ್ಲ. ಎಸೆಯಲು ಮನಸ್ಸಾಗದೆ ಆ ಪಾಕೀಟುಗಳನ್ನೆಲ್ಲ ಒಂದು ಚಪ್ಪಲಿ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಒಂದು ದಿನ ಪ್ರಿನ್ಸಿಪಾಲರು ಅಂಟು ಹುಡುಕಿಕೊಂಡು ಬಂದವರು ಆ ಡಬ್ಬಿ ತೆರೆದು ನೋಡಿದರು. ಸ್ವಲ್ಪ ಹೊತ್ತು ನನ್ನನ್ನೂ ನೋಡಿದರು. ಇದು ಹುಡುಗರದು ಸರ್ ಅಂತ ವಿವರಿಸಿದೆ.

“ಹಾಗಾದ್ರೆ ನೀವೇ ಸರಿ ಮೇಡಂ. ತಂಬಾಕು ಬಿಡಿಸೋ ತರಬೇತಿ ಅಂತ ಶಿವಮೊಗ್ಗದಲ್ಲಿ ಮೂರು ದಿನ ಇದೆ. ಯಾರನ್ನ ಕಳಿಸೋದು ಅಂತ ತಲೆ ಕೆಟ್ಟಿತ್ತು. ನಿಮ್ಮ ಹತ್ರ ಸಂಗ್ರಹಾನೇ ಇದೆ.”

ಮೂರು ದಿನ ಹೋಗಿ ಕೇಳಿ ಬಂದೆ. ಒಳ್ಳೆಯ ತರಬೇತಿ. ಒಂದು ಪುಸ್ತಿಕೆ ಕೊಟ್ಟರು. ಯಾರಾದರೂ ‘ತಗೋ’ ಅಂದಾಗ ಮಾಡಬೇಕಾದ ಐದು ಮೆಟ್ಟಿಲು ಅದರಲ್ಲಿದ್ದವು. ಕಣ್ಣಲ್ಲಿ ಕಣ್ಣಿಟ್ಟು ನೋಡು. ‘ಬೇಡ’ ಎಂದು ಸ್ಪಷ್ಟವಾಗಿ ಹೇಳು. ಕಾರಣ ಕೊಡು. ಮಾತು ಬದಲಿಸು. ಜಾಗ ಬಿಟ್ಟು ಹೊರಡು. ಓದಿದರೆ ಎಷ್ಟು ಸಲೀಸು! ಬರೆದವರು ನಮ್ಮ ಕಡೆ ಒಂದು ಮದುವೆ ಊಟಕ್ಕೂ ಕೂತವರಲ್ಲ ಎಂದು ನನಗೆ ಆಮೇಲೆ ಅನ್ನಿಸಿತು.

ಮೊದಲ ತರಗತಿಗೆ ಇಪ್ಪತ್ತೆರಡು ಹುಡುಗರು ಬಂದರು. ಗುಟ್ಕಾ ಹಿಡಿದು ಅಭ್ಯಾಸ ಮಾಡಿಸುವ ಹಾಗಿಲ್ಲವಲ್ಲ, ಅದಕ್ಕೆ ಶೇಂಗಾ ಉಂಡೆ ಕಟ್ಟಿಕೊಂಡು ಹೋಗಿದ್ದೆ. ನಾನು ಕೊಡುವವಳು, ಅವರು ಬೇಡ ಅನ್ನುವವರು. ಮುಂದಿನ ಬೆಂಚಿನವನಿಂದ ಶುರು ಮಾಡಿದೆ.

“ತಗೋ.”

“ಬೇಡ ಮೇಡಂ.” ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ, ಪಾಪ.

“ಒಂದೇ ಒಂದು.”

“ಬೇಡ ಮೇಡಂ, ತಿಂಡಿ ತಿಂದು ಬಂದೀನಿ.”

“ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಟ್ಟಿದ್ದು ಕಣೋ.”

“ಅಯ್ಯೋ, ಬೇಡ ಮೇಡಂ…”

“ಹೋಗ್ಲಿ ಬಿಡು. ನಮ್ಮನೇದು ನಿಮಗೆಲ್ಲಿ ಹಿಡಿಸುತ್ತೆ.”

ತಗೊಂಡ. ಅವನ ಪಕ್ಕದವನೂ ತಗೊಂಡ. ಇಪ್ಪತ್ತೆರಡು ಹುಡುಗರು, ಇಪ್ಪತ್ತೆರಡು ಉಂಡೆ. ಒಬ್ಬನಂತೂ ‘ಕಾರಣ ಕೊಡು’ ಎಂಬ ಮೆಟ್ಟಿಲಿನಲ್ಲಿ ಹಲ್ಲುನೋವು ಅಂದು ಅರ್ಧ ತಗೊಂಡ, ನಾನು ಇನ್ನರ್ಧವನ್ನೂ ಕೊಟ್ಟೆ. ಡಬ್ಬಿ ಖಾಲಿಯಾದ ಮೇಲೆ ನೆನಪಾಯಿತು, ನಾನು ಇಲ್ಲಿಗೆ ಬಂದದ್ದು ಗೆಲ್ಲುವುದಕ್ಕಲ್ಲ.

ತಪ್ಪು ಹುಡುಗರದಲ್ಲ. ನಮ್ಮಲ್ಲಿ ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದು ನೋಡುತ್ತಿರುವ ಹಿರಿಯರಿಗೆ. ನಾಲ್ಕನೇ ಸಲ ತೆಗೆದುಕೊಳ್ಳಬೇಕು. ಮೊದಲೇ ತಗೊಂಡರೆ ಊಟ ಕಾಣದವನು ಅನ್ನುತ್ತಾರೆ, ಒಂದೇ ಬೇಡಕ್ಕೆ ಸುಮ್ಮನಾದ ಮನೆಯವರನ್ನು ಜಿಪುಣರು ಅನ್ನುತ್ತಾರೆ. ಇಂಥ ಊರಲ್ಲಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಗುಟ್ಕಾ ಹರಿದು ಮುಂದೆ ಹಿಡಿದ ಗೆಳೆಯನಿಗೆ ಬೇಡ ಅಂದರೆ ಅವನಿಗೆ ಕೇಳಿಸುವುದು ‘ಇನ್ನೂ ಮೂರು ಸಲ ಕೇಳು’ ಅಂತಲೇ.

ಎರಡನೇ ತರಗತಿಯಲ್ಲಿ ಮೂರು ಬೆರಳಿನ ಪರೀಕ್ಷೆ. ತೋರು, ನಡು, ಉಂಗುರದ ಬೆರಳು ಜೋಡಿಸಿ ನಿಲ್ಲಿಸಿದರೆ ಬಾಯೊಳಗೆ ಹೋಗಬೇಕು. ಗುಟ್ಕಾ, ಅಡಿಕೆ ಜಗಿದವರ ಗಲ್ಲ ಒಳಗಿನಿಂದ ಬಿಗಿದು ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಎಲ್ಲರೂ ಬೆರಳು ಹಾಕಿಕೊಂಡು ಕೂತಿದ್ದಾಗ ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿದರು. ಹುಡುಗರು ಎದ್ದು ನಿಂತರು, ಬೆರಳು ತೆಗೆಯದೆ ‘ಗುಮ್ಮಾಮಿಂ ಹಾ’ ಎಂದರು. ಅವರು ಬಾಗಿಲು ಎಳೆದುಕೊಂಡು ಹೋದರು.

ಒಬ್ಬನ ಬಾಯಿಗೆ ಮಾತ್ರ ಎರಡೇ ಬೆರಳು ಹೋದವು.

ಕುಬಟೂರಿನ ಹುಡುಗ, ಕೊನೆಯ ವರ್ಷದ ಬಿ.ಕಾಂ. ಕಿತ್ತಳೆ ಬಣ್ಣದ ಪಾಕೀಟು, ಹದಿನಾಲ್ಕನೇ ಪುಟ. ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಎಲ್ಲರೂ ಹೋದ ಮೇಲೆ ಲೈಬ್ರರಿಗೆ ಬಂದು, “ಮೇಡಂ, ಆನವಟ್ಟಿ ಸಂತೇಲಿ ಪಾನಿಪುರಿ ಒಡ್ಕೊಂಡು ಎರಡು ಸಲಕ್ಕೆ ತಿಂತೀನಿ. ಖಾರ ಅಂತೂ ಬಾಯಿಗಿಟ್ರೆ ಉರಿ. ನಾನು ಅದು ಪುರೀದೇ ತಪ್ಪು ಅಂದ್ಕೊಂಡಿದ್ದೆ,” ಅಂದ.

ದಂತ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಗುಟ್ಕಾ, ಅಡಿಕೆ, ಹೊಗೆಸೊಪ್ಪು ಇವತ್ತೇ ನಿಲ್ಲಿಸಿದರೆ ಇರುವ ಎರಡು ಬೆರಳು ಉಳಿಯುತ್ತದೆ, ವ್ಯಾಯಾಮ ಮಾಡಿದರೆ ಸ್ವಲ್ಪ ಸಡಿಲ ಆದರೂ ಆದೀತು. ನಿಲ್ಲಿಸದಿದ್ದರೆ ಒಂದು ಬೆರಳು, ಆಮೇಲೆ ಕೊಳವೆಯಲ್ಲಿ ಗಂಜಿ, ಅದಕ್ಕಿಂತ ಕೆಟ್ಟದ್ದೂ ಬರಬಹುದು. ವ್ಯಾಯಾಮಕ್ಕೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು. ಅವತ್ತಿನಿಂದ ಅವನು ದಿನಾ ನನ್ನ ಲೈಬ್ರರಿಯ ಮೂಲೆಯಲ್ಲಿ ಹದಿನೈದು ಕಡ್ಡಿ ಕಚ್ಚಿಕೊಂಡು, ಬಾಯಿ ತೆರೆದ ಮೀನಿನ ಹಾಗೆ ಅರ್ಥಶಾಸ್ತ್ರ ಓದುತ್ತಿದ್ದ. ಇಪ್ಪತ್ತಾರನೇ ಪುಟಕ್ಕೆ ಬಂದ.

ಬಿಡುವ ಕೌಶಲಗಳಲ್ಲಿ ಇನ್ನೊಂದಿತ್ತು: ಬೇಕು ಅನ್ನಿಸಿದಾಗ ಹತ್ತು ನಿಮಿಷ ಮುಂದೂಡು, ನೀರು ಕುಡಿ, ಉಸಿರೆಳೆದುಕೋ, ಬೇರೆ ಕೆಲಸ ಮಾಡು. ಮುಂದೂಡುವುದನ್ನು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಸೆಮಿನಾರ್ ಪೇಪರನ್ನು ಎರಡು ವರ್ಷ ಮುಂದೂಡಿದವನು ಈ ಕುಬಟೂರಿನವನು. “ಹಾಕ್ಕೊಳ್ಳಲ್ಲ ಅಂತ ಅಂದ್ಕೊಳ್ಳಲ್ಲ ಮೇಡಂ, ನಾಳೆ ಹಾಕ್ಕೊಳ್ಳೋಣ ಅಂದ್ಕೊಳ್ತೀನಿ,” ಅಂದ. ಹೀಗೆ ನಾಳೆ ನಾಳೆ ಅನ್ನುತ್ತ ಹತ್ತು ದಿನ ಕಳೆದ. ಕಿಸೆಯಲ್ಲಿ ಸೋಂಪು ಇಟ್ಟುಕೊಂಡ. ಗೆಳೆಯರು ‘ಏನ್ ಸ್ವಾಮೇರೆ’ ಅಂತ ಕಾಲೆಳೆದರೆ ಸೋಂಪು ಕೊಟ್ಟ.

ಅವನಿಗೆ ಭಯ ಗೆಳೆಯರದಲ್ಲ, ಸೋದರಮಾವನದು. ಅಕ್ಕನ ಮದುವೆ ಗೊತ್ತಾಗಿತ್ತು. ಈ ಮಾವ ಶಿಕಾರಿಪುರದ ಕಡೆಯವರು, ಸೊಂಟಕ್ಕೆ ಎಲೆಅಡಿಕೆಯ ಚಂಚಿ ಸಿಕ್ಕಿಸಿಕೊಂಡೇ ಇರುವವರು. ಬಟ್ಟೆಯ ಚೀಲ, ಅದರಲ್ಲಿ ನಾಲ್ಕು ಮನೆ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು. ಪ್ರೀತಿ ಬಂದಾಗ ತಾವೇ ಎಲೆಗೆ ಸುಣ್ಣ ಸವರಿ, ಎಲ್ಲ ಸೇರಿಸಿ ಮಡಚಿ, ಅಳಿಯನ ಬಾಯಿಗೆ ಇಡುವವರು. ಅವರಿಗೆ ದಿನಕ್ಕೆ ಏಳೆಂಟು ಸಲ ಪ್ರೀತಿ ಬರುತ್ತಿತ್ತು.

“ಮಾವಂಗೆ ಬೇಡ ಅಂದ್ರೆ ಸಿಟ್ಟು ಮಾಡ್ಕೊಂಡು ಹೋಗಿ ಬೈಕ್ ಮೇಲೆ ಕೂತ್ಬಿಡ್ತಾರೆ ಮೇಡಂ. ಅಕ್ಕನ್ನ ಮಂಟಪಕ್ಕೆ ಕರ್ಕೊಂಡು ಬರಬೇಕಾದವರೇ ಅವರು. ನನ್ನ ಬಾಯಿಗೋಸ್ಕರ ಅಕ್ಕನ ಮದುವೆ ನಿಲ್ಲಿಸಕ್ಕಾಗುತ್ತಾ?”

ಇದಕ್ಕೆ ಪುಸ್ತಿಕೆಯಲ್ಲಿ ಮೆಟ್ಟಿಲು ಇರಲಿಲ್ಲ. ಮುಂದಿನ ತರಗತಿಯಲ್ಲಿ ಮಾತಿಗೆ ಮಾತು ಬಂದು ನಾನು ಹೇಳಿದೆ: ನಮ್ಮ ಕಡೆ ನಡೆಯುವ ಬೇಡ ಒಂದೇ ಒಂದು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣೋ ತರಕಾರಿಯೋ ಅಲ್ಲಿ ಬಿಟ್ಟು ಬರುತ್ತಾರೆ, ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ಪಂಕ್ತಿಯಲ್ಲಿ ಕೂತವರು ‘ಬದನೇಕಾಯಿ ಕಾಶೀಲಿ ಬಿಟ್ಟಿದೀನಿ’ ಅಂದರೆ ಎಂಥಾ ಬಡಿಸುವವನ ಸೌಟೂ ಅಲ್ಲೇ ನಿಲ್ಲುತ್ತದೆ, ಎರಡನೇ ಮಾತಿಲ್ಲ. ನಮ್ಮ ಅತ್ತೆ ಹನ್ನೆರಡು ವರ್ಷದ ಹಿಂದೆ ಹಾಗಲಕಾಯಿ ಬಿಟ್ಟು ಬಂದರು. ಅವತ್ತಿನಿಂದ ನಮ್ಮನೆಯಲ್ಲಿ ಆ ಹೆಸರೇ ಎತ್ತುವಂತಿಲ್ಲ. ಸೊಂಟದ ಚೀಲದಲ್ಲಿದ್ದ ನಶ್ಯದ ಡಬ್ಬಿಯನ್ನು ಬಿಡಬಹುದಿತ್ತಲ್ಲ ಎಂದು ನಮ್ಮನೆಯವರು ಒಮ್ಮೆ ಕೇಳಿದ್ದಕ್ಕೆ, “ಕಾಶೀಲಿ ಬಿಡೋದು ಬಾಯಿಂದು. ನಶ್ಯ ಮೂಗಿಂದು,” ಅಂದಿದ್ದರು.

ನಾನು ಇಷ್ಟನ್ನು ನಗಿಸಲು ಹೇಳಿದ್ದು. ಎಲ್ಲರೂ ನಕ್ಕರು. ಕುಬಟೂರಿನವನು ಮಾತ್ರ ನಗದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆಗಲೇ ನಾನು ಎಚ್ಚರವಾಗಬೇಕಿತ್ತು. ಅವನು ಯಾವ ತರಗತಿಯಲ್ಲೂ ಏನನ್ನೂ ಬರೆದುಕೊಂಡವನಲ್ಲ.

ಎರಡು ವಾರದ ಮೇಲೆ ಒಂದು ಸಂಜೆ, ನಾನು ಅವಲಕ್ಕಿ ಆರಿಸುತ್ತಿದ್ದಾಗ, ಬಿಳೀ ಪಂಚೆಯ ದಪ್ಪ ಮನುಷ್ಯರೊಬ್ಬರು ಮದುವೆ ಕಾಗದ ಹಿಡಿದು ಬಂದರು. ಸೊಂಟದ ಚಂಚಿ ನೋಡಿಯೇ ನನಗೆ ಯಾರೆಂದು ಗೊತ್ತಾಯಿತು.

“ಏನ್ರೀ ಮೇಡಮ್ಮೋರೆ, ನಮ್ಮ ಹುಡುಗನ್ನ ಕಾಶಿಗೆ ಕರ್ಕಂಡು ಹೋಗಿ ಬಂದ್ರಂತೆ! ನಮಗೊಂದು ಮಾತು ಹೇಳಬಾರದೇನ್ರೀ?”

ಒಳಗೆ ಹೂಬತ್ತಿ ಮಾಡುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

“ಮೊನ್ನೆ ವೀಳ್ಯಶಾಸ್ತ್ರದ ದಿನ ಎಲ್ಲಾರ ಮುಂದೆ ಎಲೆ ಮಡಚಿ ಕೊಟ್ಟೆ. ಹುಡುಗ ಏನಂದ ಗೊತ್ತೇನ್ರಿ? ‘ಮಾವ, ಕಾಶೀಲಿ ಬಿಟ್ಟೀನಿ’ ಅಂದ. ನಂಗೆ ಕಣ್ಣಾಗೆ ನೀರು ಬಂತು. ಈ ವಯಸ್ಸಿಗೆ! ಯಾರ ಜೊತೆ ಹೋಗಿದ್ದೆಪ್ಪಾ ಅಂದ್ರೆ, ಲೈಬ್ರರಿ ಮೇಡಂ ಜೊತೆ ಅಂದ.”

“ಎಂತದೇ ಇದು?” ಅತ್ತೆ ಹೊರಗೆ ಬಂದರು. “ನೀನು ಯಾವಾಗ ಕಾಶಿಗೆ ಹೋದದ್ದು ಮಾರಾಯ್ತಿ?”

ನಮ್ಮನೆಯವರು ಪೇಪರು ಕೆಳಗಿಳಿಸಿದರು. “ಮೂರು ದಿನ ಶಿವಮೊಗ್ಗ ಅಂದಿದ್ದಳು,” ಅಂದರು, ನಿಧಾನವಾಗಿ.

“ಮೂರು ದಿನಕ್ಕೆ ಕಾಶಿಗೆ ಹೋಗಿ ಬರೋಕಾಗುತ್ತಾ?”

“ವಿಮಾನದಲ್ಲಿ ಆಗುತ್ತೆ.”

ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಸುಳ್ಳು ಹೇಳಿದಳು ಎಂಬ ಸಿಟ್ಟು ಇರಲಿಲ್ಲ, ತಮ್ಮನ್ನು ಬಿಟ್ಟು ಹೋದಳು ಎಂಬುದಿತ್ತು. ಹುಡುಗನ ಮಾವ ಇನ್ನೂ ಮುಗಿಸಿರಲಿಲ್ಲ. ಮದುವೆಗೆ ಒಂದು ಗಿಂಡಿ ಗಂಗೆ ಬೇಕಂತೆ, ಮಂಟಪದಲ್ಲಿ ಇಡುತ್ತಾರಂತೆ, ಗಂಡಿನ ಕಡೆಯವರಿಗೂ ಆಗಲೇ ಹೇಳಿದ್ದಾರಂತೆ.

ನಿಜ ಹೇಳಲು ಅದೇ ಸರಿಯಾದ ಹೊತ್ತು. ನಾನು, “ಟೀ ಕುಡಿತೀರಾ, ಕಾಫಿನಾ?” ಅಂದು ಅಡುಗೆಮನೆಗೆ ಹೊರಟುಹೋದೆ. ಮಾತು ಬದಲಿಸು, ಜಾಗ ಬಿಟ್ಟು ಹೊರಡು. ತರಬೇತಿ ನನಗಾದರೂ ಹತ್ತಿತ್ತು.

ಅವರು “ಬ್ಯಾಡ್ರಿ, ಈಗ ಕುಡ್ದೇ ಬಂದೆ” ಎಂದು ಮೂರು ಸಲ ಅಂದರು, ನಾಲ್ಕನೇ ಸಲ ಲೋಟ ತಗೊಂಡರು. ಚಕ್ಕುಲಿಗೂ ಮೂರು ಸಲ ಬೇಡ, ನಾಲ್ಕನೆಯದಕ್ಕೆ ಎರಡು. ಒಂದೂ ತಪ್ಪಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿತು.

ಅವರು ಹೋದ ಮೇಲೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಎರಡು ಬೆರಳಿನಿಂದ ಹಿಡಿದು. ದೇವರ ಗೂಡಿನಲ್ಲಿ ಅತ್ತೆಯ ಗಂಗೆಯ ಗಿಂಡಿ, ಬಾಯಿ ಬೆಸುಗೆ ಹಾಕಿದ್ದು, ಹನ್ನೆರಡು ವರ್ಷದಿಂದ ಇದೆ. ನನ್ನ ಕಣ್ಣು ಅತ್ತ ಹೋಗಿದ್ದನ್ನು ಅವರು ನೋಡಿದರು.

“ಸುಳ್ಳಿಗೆ ನನ್ನ ಗಂಗೆ ಕೊಡಲ್ಲ.” ನಶ್ಯದ ಡಬ್ಬಿ ತಟ್ಟಿದರು, ಒಂದು ಚಿಟಿಕೆ ಏರಿಸಿದರು, ಸೀನಿದರು. “ಆದ್ರೆ ಹುಡುಗ ಬಿಟ್ಟಿದ್ದು ಸುಳ್ಳಲ್ಲವಲ್ಲ. ಬಿಟ್ಟ ಜಾಗ ಸುಳ್ಳು. ಜಾಗ ಸರಿ ಮಾಡಿ.”

ಆ ಭಾನುವಾರ ಬಂದಳಿಕೆಯಲ್ಲಿ ನಮ್ಮ ಹುಡುಗರ ಶ್ರಮದಾನವಿತ್ತು, ಹಳೆಯ ಗುಡಿಗಳ ಸುತ್ತ ಹುಲ್ಲು ಕೀಳುವುದು. ಅತ್ತೆಯೂ ಹೊರಟರು. ಒಂದು ಕಂಬದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಹುಡುಗನನ್ನು ಎದುರಿಗೆ ನಿಲ್ಲಿಸಿ, “ಬಹಳ ಇಷ್ಟವಾದದ್ದನ್ನೇ ಬಿಡಬೇಕು. ಇಷ್ಟ ಇದೆಯಾ?” ಎಂದು ಕೇಳಿದರು.

“ಬಹಳ ಇಷ್ಟ ಅಜ್ಜಿ.”

“ಜೋರಾಗಿ ಹೇಳು. ಕಲ್ಲಿಗೂ ಕೇಳಲಿ.”

“ಬಹಳ ಇಷ್ಟ! ಬಿಟ್ಟೆ!” ಎಂದು ಕೂಗಿ, ಪರ್ಸಿನೊಳಗಿಂದ ‘ಧೈರ್ಯಕ್ಕೆ ಅಂತ ಇಟ್ಕೊಂಡಿದ್ದು’ ಎನ್ನುತ್ತ ಒಂದು ಕಿತ್ತಳೆ ಪಾಕೀಟು ತೆಗೆದು ಕಸದ ಚೀಲಕ್ಕೆ ಹಾಕಿದ. ಅತ್ತೆ ನೀರಿನ ಬಾಟಲಿಯಿಂದ ಅವನ ತಲೆಗೆ ನಾಲ್ಕು ಹನಿ ಚಿಮುಕಿಸಿದರು. ಉಳಿದವರೂ ಸಾಲು ನಿಂತರು. ಮೂರು ಜನ ಗುಟ್ಕಾ ಬಿಟ್ಟರು, ಒಬ್ಬ ಬೀಡಿ ಬಿಟ್ಟ. ಒಬ್ಬ, “ಅಜ್ಜಿ, ನಾನು ಸ್ಟ್ಯಾಟಿಸ್ಟಿಕ್ಸ್ ಬಿಡಬಹುದಾ?” ಅಂದ.

“ಅದು ನಿಂಗೆ ಇಷ್ಟ ಇದೆಯಾ?”

“ಇಲ್ಲ.”

“ಇಷ್ಟ ಇಲ್ಲದ್ದನ್ನ ಬಿಟ್ರೆ ಅದು ಬಿಟ್ಟ ಹಾಗಲ್ಲ. ತಪ್ಪಿಸಿಕೊಂಡ ಹಾಗೆ.”

“ನೀವು ಹಾಗಲಕಾಯಿ ಬಿಟ್ರಂತಲ್ಲ ಅಜ್ಜಿ. ನಿಮಗೆ ಇಷ್ಟ ಇತ್ತಾ?”

ಅತ್ತೆ ಬಾಟಲಿಯ ಮುಚ್ಚಳ ತಿರುಗಿಸಿ ಎದ್ದರು. ಬಸ್ಸಿನಲ್ಲಿ ಶಿಕಾರಿಪುರ ಬರುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದರು. ಹೊಸಿಲು ದಾಟುವಾಗ, “ಒಂದು ಹಾಗಲಕಾಯಿ ತಂದಿಡು,” ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಸಂತೆಯ ದಿನ ತಂದೆ.

ಇವತ್ತು ಅತ್ತೆ, ನಮ್ಮನೆಯವರ ಜೊತೆ ಕುಬಟೂರಿನಲ್ಲಿ ಚಪ್ಪರದೊಳಗೆ ಕಾಲಿಟ್ಟಾಗ ಹುಡುಗನ ಸುತ್ತ ಆರೇಳು ಅಜ್ಜಿಯರು. ಒಬ್ಬರು ಅವನ ಕೈ ಕಣ್ಣಿಗೊತ್ತಿಕೊಂಡರು.

“ಕಾಶಿ ಹೆಂಗೈತಪ್ಪಾ?”

“ರಶ್ಶು ಅಜ್ಜಿ.”

“ಗಂಗೆ?”

“ನೀರು… ನೀರು ಚೆನ್ನಾಗಿತ್ತು.”

ನನ್ನನ್ನು ಕಂಡ ಕೂಡಲೇ ಅವನ ಮುಖ ಇನ್ನಷ್ಟು ಇಳಿಯಿತು. ಅಷ್ಟರಲ್ಲಿ ಮಾವ ಬಂದು, ಗಂಡಿನ ಕಡೆಯ ಹಿರಿಯರನ್ನೂ ಕರೆದು, “ಇವನೇ ನಮ್ಮ ಕಾಶಿಗೆ ಹೋಗಿ ಬಂದ ಹುಡುಗ. ತಾಯೀ, ಗಂಗೆ ತಂದ್ರೇನ್ರಿ?” ಎಂದು ನನ್ನತ್ತ ಕೈ ಚಾಚಿದರು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಮುಂದಿನ ಮೆಟ್ಟಿಲು ನೆನಪಾಗಲಿಲ್ಲ.

ಹುಡುಗ ಹೇಳಿದ. “ಮಾವ, ನಾನು ಕಾಶಿಗೆ ಹೋಗಿಲ್ಲ. ಮೇಡಮ್ಮೂ ಹೋಗಿಲ್ಲ. ಬಂದಳಿಕೇಲಿ ಬಿಟ್ಟೆ.”

ಅಜ್ಜಿಯೊಬ್ಬರು ಅವನ ಕೈ ಬಿಟ್ಟರು. ಮಾವನ ಮುಖ ಕೆಂಪಾಗಿ, ಮತ್ತೆ ಬಿಳಿಯಾಗಿ, ಕೊನೆಗೆ ಒಂದು ತರಹದ ನಗು ಬಂತು. ಚಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದರು, ಸುಣ್ಣ ಸವರಿದರು, ಅಡಿಕೆ, ಹೊಗೆಸೊಪ್ಪು ಇಟ್ಟು ಮಡಚಿ ಅವನ ಬಾಯ ಹತ್ತಿರ ಹಿಡಿದರು.

“ಹಂಗಾರೆ ಅಡ್ಡಿ ಏನೈತಿ? ತಗಾ. ನೀ ತಗಂಡ್ರೆ ನಾ ಸಿಟ್ಟು ಬಿಟ್ಟೆ ಅಂತ ತಿಳ್ಕ.”

ಈಗ ಅವನಿಗೆ ಕಾಶಿಯ ರಕ್ಷಣೆಯಿಲ್ಲ. ಓಲಗದವರೂ ನಿಲ್ಲಿಸಿ ನೋಡುತ್ತಿದ್ದರು. ಉಂಡೆಯ ದಿನ ಮುಂದಿನ ಬೆಂಚಿನಲ್ಲಿ ಕೂತು ನಾಲ್ಕನೇ ಸಲಕ್ಕೆ ತಗೊಂಡವನು ಅವನೇ.

“ಬೇಡ ಮಾವ.”

“ತಗಳೋ.”

“ಬೇಡ.”

“ಮಾವನ ಕೈಯಿಂದ ಕಣೋ, ತಗಾ.”

“ಬೇಡ.” ಎರಡು ಬೆರಳು ಬಾಯಿಗೆ ಹಾಕಿ, ಮೂರನೆಯದು ಹೋಗದ್ದನ್ನು ತೋರಿಸಿ ತೆಗೆದ. “ಇಷ್ಟೇ ಉಳ್ದಿರೋದು. ಡಾಕ್ಟ್ರು ಹೇಳಿದಾರೆ, ಮುಂದೆ ಕೊಳವೆ. ನಿಮ್ಮ ಕೈಯಿಂದ ಬೇರೆ ಏನು ಕೊಟ್ರೂ ತಿಂತೀನಿ ಮಾವ. ಇದು ಬೇಡ.”

“ನಾಕನೇ ಸಲ ಕೇಳ್ತೀನಿ ನೋಡು.”

“ನಾಕನೇ ಸಲಾನೂ ಬೇಡ.”

ಮಾವ ಮಡಚಿದ ಎಲೆಯನ್ನು ತಮ್ಮ ಬಾಯಿಗೇ ಹಾಕಿಕೊಂಡು, ಚಪ್ಪರ ದಾಟಿ, ಬೈಕಿನ ಮೇಲೆ ಹೋಗಿ ಕೂತರು. ಒಳಗೆ ಮದುಮಗಳಿಗೆ ಹೂವಿನ ದಂಡೆ ಕಟ್ಟಿ ಆಗಿತ್ತು. ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದುಕೊಂಡು ನಿಂತುಬಿಟ್ಟರು. ಪುರೋಹಿತರು ಇಪ್ಪತ್ತು ನಿಮಿಷ ಅಂದರು.

ಆಗ ನನಗೆ ಹೊಳೆಯಿತು. ಈ ಮನುಷ್ಯ ಬೇಡ ಅನ್ನುವುದರಲ್ಲಿ ಎಷ್ಟು ಅಚ್ಚುಕಟ್ಟು ಎಂಬುದು ನನಗೆ ಗೊತ್ತಿದೆ. ನಾನು ಒತ್ತಾಯ ಮಾಡುವುದರಲ್ಲಿ ಇವತ್ತಿನವರೆಗೆ ಸೋತವಳಲ್ಲ. ಬೈಕಿನ ಹತ್ತಿರ ಹೋದೆ.

“ಅಣ್ಣಾರೆ, ಬಾಯಿ ಮುಕ್ಕಳಿಸಿ ಮೂರು ಬೆರಳು ಹಾಕಿ ನೋಡಿ.”

“ಬ್ಯಾಡ್ರಿ.”

“ಒಂದೇ ಒಂದು ಸಲ.”

“ಬ್ಯಾಡ್ರಿ ಮೇಡಮ್ಮೋರೆ, ನಮಗೇನಾಗೈತಿ?”

“ಶಿಕಾರಿಪುರದಿಂದ ಮೂರು ಗಾಡಿ ಬದಲಿಸಿ ಬಂದೀನ್ರಿ.”

“ಅಯ್ಯೋ, ಬ್ಯಾಡ್ರಿ ಅಂದ್ನೆಲ್ಲ.”

“ಹೋಗ್ಲಿ ಬಿಡಿ. ನಮ್ಮ ಮಾತು ನಿಮಗೆಲ್ಲಿ ಹಿಡಿಸುತ್ತೆ.”

ಉಗುಳಿದರು. ಮುಕ್ಕಳಿಸಿದರು. ಬೆರಳು ಹಾಕಿದರು. ಎರಡು ಹೋದವು, ಮೂರನೆಯದನ್ನು ಅಡ್ಡ ತಿರುಗಿಸಿದರು, ಓರೆ ಮಾಡಿದರು, ಬೈಕಿನ ಕನ್ನಡಿಯಲ್ಲಿ ನೋಡಿಕೊಂಡು ತುದಿಯಿಂದ ತುರುಕಿದರು. ಹೋಗಲಿಲ್ಲ. ಕೈ ಪಂಚೆಗೆ ಒರೆಸಿಕೊಂಡರು.

“ನನ್ನ ಬೆರಳು ದಪ್ಪ ಅದಾವ್ರಿ,” ಅಂದರು.

“ಹೌದು,” ಅಂದೆ.

ಹಿಂದಿನಿಂದ ಅತ್ತೆ ಬಂದು ಕೈ ಚಾಚಿದರು. “ಹುಡುಗಿ ಕೈ ಹಿಡ್ಕೊಂಡು ಬರೋ ಹೊತ್ತಲ್ಲಿ ಚಂಚಿ ಎಂತಕ್ಕೆ? ಕೊಡಿ ಇಲ್ಲಿ, ಊಟ ಆಗೋವರೆಗೆ ಇಟ್ಕೊಂಡಿರ್ತೀನಿ.” ಅವರು ಒಂದು ಸಲವೂ ಬೇಡ ಅನ್ನದೆ ಕೊಟ್ಟರು. ಮುಹೂರ್ತ ತಪ್ಪಲಿಲ್ಲ.

ಊಟದ ಪಂಕ್ತಿಯಲ್ಲಿ ಮಾವ ಹೋಳಿಗೆಯ ಬುಟ್ಟಿ ತಾವೇ ಹಿಡಿದು ಸೀದಾ ಹುಡುಗನ ಎದುರು ನಿಂತರು. “ನನ್ನ ಕೈಯಿಂದ ಬೇರೆ ಏನು ಕೊಟ್ರೂ ತಿಂತೀನಿ ಅಂದೀಯಲ್ಲ?” ಒಂದು ಹಾಕಿದರು. ಎರಡು. ಹುಡುಗ ಎರಡೂ ಕೈಯಿಂದ ಎಲೆ ಮುಚ್ಚಿದ. ಬೆರಳ ಸಂದಿಯಲ್ಲಿ ತುಪ್ಪ ಸುರಿದರು, ಕೈ ಎತ್ತಿದ, ಮೂರನೆಯದು ಬಿತ್ತು, ಹೀಗೇ ಇನ್ನೆರಡು. ಐದು ಹೋಳಿಗೆಯನ್ನು ಚಿಂದಿ ಚಿಂದಿ ಹರಿದು, ಎರಡು ಬೆರಳಗಲದ ಬಾಯಿಯಲ್ಲಿ ತಿಂದು ಮುಗಿಸುವಷ್ಟರಲ್ಲಿ ಎರಡನೇ ಪಂಕ್ತಿಯೂ ಎದ್ದಿತ್ತು. ಮಾವ ಕೊನೆಯವರೆಗೂ ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದರು. ಕೈ ತೊಳೆಯುವಲ್ಲಿ ಹುಡುಗ ನನಗೆ, “ಮೇಡಂ, ಹೇಳೋದು ಮರೆತೆ, ಬೆಳಿಗ್ಗೆ ಹದಿನಾರನೇ ಕಡ್ಡಿ ಹಿಡೀತು,” ಅಂದ.

ಮನೆಗೆ ಬಂದು ಸೀರೆ ಮಡಚುವಾಗ ನೋಡುತ್ತೇನೆ, ಚಂಚಿ ಅತ್ತೆಯ ಸೊಂಟದಲ್ಲೇ ಇದೆ. ಅಷ್ಟರಲ್ಲಿ ಫೋನೂ ಬಂತು. ಅತ್ತೆಯೇ ತೆಗೆದುಕೊಂಡರು.

“ಹೌದ್ರಿ, ನನ್ ಹತ್ರನೇ ಇದೆ. ಈಗ ಕತ್ತಲಾಗ್ತಾ ಬಂತು, ನಾಳೆ ಬನ್ನಿ.” ಹತ್ತು ನಿಮಿಷಕ್ಕೆ ಮತ್ತೆ ಬಂತು. “ನೀರು ಕುಡೀರಿ. ನಾಳೆ.” ಮೂರನೇ ಸಲ ಅವರು ಏನು ಅಂದರೋ, ಅತ್ತೆ ನಕ್ಕು, “ಸೋಂಪು ಇದ್ರೆ ಹಾಕ್ಕೊಳಿ ಅಣ್ಣಾ,” ಅಂದರು. ನಾಲ್ಕನೆಯದಕ್ಕೆ ಕಾದೆವು. ಬರಲಿಲ್ಲ.

ರಾತ್ರಿಗೆ ಅನ್ನ, ತಿಳಿಸಾರು, ಮೊಸರು, ಮತ್ತೆ ಹಾಗಲಕಾಯಿ ಪಲ್ಯ. ಬೆಲ್ಲ ಜಾಸ್ತಿ ಹಾಕಿದ್ದೆ. ಅತ್ತೆ ನಾಲ್ಕು ಹೋಳು ಬಡಿಸಿಕೊಂಡು, ಕಣ್ಣು ಮುಚ್ಚಿ ಒಂದೊಂದನ್ನೇ ನುಂಗಿ, ಪ್ರತಿಯೊಂದಕ್ಕೂ ನೀರು ಕುಡಿದರು. “ಇದನ್ನ ನಾನು ಬಿಟ್ಟಿರ್ಲೇ ಇಲ್ಲ. ವಾಪಸ್ ತಗೊಂಡೆ,” ಅಂದರು. “ಈಗ ಬಿಡೋ ಜಾಗ ಖಾಲಿ ಆಯ್ತು.” ಸೊಂಟದ ಚೀಲದಿಂದ ನಶ್ಯದ ಡಬ್ಬಿ ತೆಗೆದು, ಮಾವನ ಚಂಚಿಯ ಹೊಗೆಸೊಪ್ಪಿನ ಮನೆಯೊಳಗೆ ತುರುಕಿ, ದಾರ ಸುತ್ತಿ ಮೂರು ಗಂಟು ಹಾಕಿದರು. ನಮ್ಮನೆಯವರು, “ಅದು ಮೂಗಿಂದಲ್ವಾ?” ಅಂದರು. “ಉಣ್ಣು, ಸುಮ್ನೆ,” ಅಂದರು.

ನಮ್ಮನೆಯವರು ಪಲ್ಯ ಬೇಡ ಅಂದರು. ಒಂದೇ ಸಲ ಕೇಳಿ ಬಿಟ್ಟೆ. ಅವರಿಗೆ ಬೇಸರವಾದಂತೆ ಕಂಡಿತು, ಮತ್ತೆ ಮೂರು ಸಲ ಕೇಳಿ ಬಡಿಸಿದೆ.

ಮೊದಲು ಮಲಗಿದವರು ಅತ್ತೆ. ಚಂಚಿಯನ್ನು ದಿಂಬಿನ ಕೆಳಗಿಟ್ಟುಕೊಂಡು, ನಾಲ್ಕು ಸಲ ಮಗ್ಗುಲು ಬದಲಿಸಿ, ಒಂದು ಸಲ ಎದ್ದು ನೀರು ಕುಡಿದು, ಸೀನೂ ಬರದೆ ನಿದ್ದೆ ಹೋದರು.